ಮುನ್ನೂರರ ಲೆಕ್ಕ

ಒಂದು ಚಾರಣಪಥಕ್ಕೆ ದಿನಕ್ಕೆ 300 ಜನ, ಅದೂ ಆನ್‌ಲೈನಿನಲ್ಲಿ ಮೊದಲೇ ಬುಕಿಂಗ್ ಮಾಡಿದವರಿಗೆ ಮಾತ್ರ. 2024ರಲ್ಲಿ ಬಂದ ಈ ನಿಯಮಕ್ಕೆ ಸಿಕ್ಕ ಹೊಗಳಿಕೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ನಮ್ಮ ಬೀದರಿನಲ್ಲಿ ಅದಕ್ಕೆ ಊರಿನ ಅಭಿಮಾನವೂ ಕೂಡಿದೆ. ಅರಣ್ಯ ಸಚಿವರಾಗಿ ಅದನ್ನು ಜಾರಿಗೆ ತಂದ ಈಶ್ವರ ಖಂಡ್ರೆ ಭಾಲ್ಕಿಯವರು. ನಮ್ಮವರೆಂಬ ಕಾರಣಕ್ಕೆ ಪ್ರಶ್ನೆ ಬಿಡುವುದು ಅವರಿಗೂ ಗೌರವ ತರುವುದಿಲ್ಲ.

ನಿಯಮದ ಹಿನ್ನೆಲೆ ಎಲ್ಲರಿಗೂ ಗೊತ್ತು. ಆ ವರ್ಷ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಒತ್ತರಿಸಿ ನಿಂತರು. ಅಂಥ ನೂಕುನುಗ್ಗಲಿಗೆ ತಡೆ ಬೇಕಿತ್ತು, ಬಂತು, ಒಳ್ಳೆಯದೇ ಆಯಿತು. ಆದರೆ ಗೇಟಿನ ಗದ್ದಲ ಇಳಿಸಿದ್ದನ್ನೇ ಬೆಟ್ಟ ಉಳಿಸಿದ್ದೆಂದು ಬರೆಯುವವರೊಂದಿಗೆ ನನ್ನ ತಕರಾರಿದೆ.

ಕುದುರೆಮುಖವನ್ನೇ ನೋಡಿ. 1987ರಿಂದ ರಾಷ್ಟ್ರೀಯ ಉದ್ಯಾನ, 1,894 ಮೀಟರ್ ಎತ್ತರದ ಶಿಖರ. ಮುಳ್ಳೋಡಿಯಿಂದ ಹೋಗಿಬರಲು ಸುಮಾರು 20 ಕಿಲೋಮೀಟರ್. ಹೆಚ್ಚಿನ ದಾರಿ ಹುಲ್ಲಿನ ಬೋರೆಯ ಮೇಲೆ, ನಡುನಡುವೆ ಶೋಲಾ ಕಾಡು. ಇನ್ನು ಅದೇ ಉದ್ಯಾನದ ಕುರಿಂಜಲ್ ಶಿಖರದ ದಾರಿ ಬಹುಪಾಲು ಹಿಂದೆ ಜೀಪು ಓಡಾಡಿದ ಗಟ್ಟಿ ನೆಲ. ಎರಡಕ್ಕೂ 300. ಯಾವ ನೆಲದ ಮೇಲೆ ಆ ಕಾಲುಗಳು ಬೀಳುತ್ತವೆ ಎಂಬುದು ಲೆಕ್ಕಕ್ಕೇ ಬಂದಿಲ್ಲ.

ಕಾಲಮಾನವನ್ನು ನೋಡಿದರೆ ಲೆಕ್ಕ ಇನ್ನೂ ಕೆಡುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಪಥ ಮುಚ್ಚುತ್ತಾರೆ. ಅದು ಸರಿ. ಆದರೆ ತೆರೆದಿರುವುದು ಹುಲ್ಲಿನ ಬೇರು ನೆನೆದು ಮಣ್ಣು ಮೆತ್ತಗಾಗುವ ಮಳೆಗಾಲದಲ್ಲಿ, ಬುಕಿಂಗಿಗೆ ಜನ ಮುಗಿಬೀಳುವುದೂ ಆಗಲೇ. ಮೊದಲು ಹೋದವರ ಕಾಲ್ದಾರಿ ಕೆಸರಾಗುತ್ತದೆ. ಹಿಂದೆ ಬಂದವರು ಕೆಸರು ತಪ್ಪಿಸಲು ಪಕ್ಕದ ಹುಲ್ಲು ತುಳಿಯುತ್ತಾರೆ. ದಾರಿ ಅಗಲವಾಗುತ್ತದೆ, ಇಳಿಜಾರಿನ ನೀರು ಅದರಲ್ಲೇ ಹರಿದು ಕೊರಕಲು ಬೀಳುತ್ತದೆ. ಮುನ್ನೂರನೆಯವನು ಮೊದಲನೆಯವನಷ್ಟೇ ಶಿಸ್ತಿನವನಾಗಿದ್ದರೂ ಇದು ತಪ್ಪುವುದಿಲ್ಲ. ಈ ಕೊರಕಲಿಗೆ ನಿಯಮದಲ್ಲಿ ಉತ್ತರವೇ ಇಲ್ಲ.

ಉತ್ತರ ಬೇರೆಡೆ ಹುಡುಕೋಣ. ಆಸ್ಟ್ರೇಲಿಯಾದ ಕೊಸಿಯಸ್ಕೊ ರಾಷ್ಟ್ರೀಯ ಉದ್ಯಾನದೊಳಗೆ ಥ್ರೆಡ್ಬೊ, ಪೆರಿಶರ್ ಎಂಬ ಸ್ಕೀ ರೆಸಾರ್ಟುಗಳೇ ಇವೆ. ಆ ವ್ಯಾಪಾರವನ್ನು ನಾನು ಇಲ್ಲಿಗೆ ಬಯಸುವುದಿಲ್ಲ. ಆದರೆ ಥ್ರೆಡ್ಬೊದಿಂದ 2,228 ಮೀಟರಿನ ಶಿಖರಕ್ಕೆ ನಡೆಯುವವರು ಬಹುದೂರ ಉಕ್ಕಿನ ಜಾಲರಿಯ ಹಾದಿಯ ಮೇಲೆ ನಡೆಯುತ್ತಾರೆ. ಹಾದಿಯನ್ನು ನೆಲದಿಂದ ಎತ್ತಿ ಕಟ್ಟಿರುವುದರಿಂದ ಕೆಳಗಿನ ಗಿಡಗಳು ಕಾಲಿಗೆ ಸಿಗುವುದಿಲ್ಲ. ಕುದುರೆಮುಖಕ್ಕೆ ಉಕ್ಕೇ ಬೇಕೆಂದಿಲ್ಲ, ಕಲ್ಲು ಹಾಸಬಹುದು, ಅಡ್ಡಗಾಲುವೆ ತೋಡಬಹುದು, ಸವೆದ ಪಥಕ್ಕೆ ಒಂದು ವರ್ಷ ಬಿಡುವು ಕೊಡಬಹುದು. ಕೊಸಿಯಸ್ಕೊದಲ್ಲಿ ಮೊದಲು ವಿಚಾರಿಸಿದ್ದು ನೆಲವನ್ನು.

ಕುದುರೆಮುಖದ ಹಿಂದಿನ ಗಣಿಗಾರಿಕೆಗೆ ಹೋಲಿಸಿದರೆ ಚಾರಣಿಗರ ಕಾಲು ಎಷ್ಟರದು ಎಂದು ವಾದಿಸುವವರು ಇದ್ದಾರೆ. ಅವರಲ್ಲಿ ಪ್ರಾಮಾಣಿಕ ಕಾಡುಪ್ರೇಮಿಗಳೂ ಇರುವುದು ನನಗೆ ಹೆಚ್ಚು ನೋವು. ಸುಪ್ರೀಂ ಕೋರ್ಟಿನ ಆದೇಶದಂತೆ ಅಲ್ಲಿನ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು. ಲಕ್ಯಾ ಅಣೆಕಟ್ಟಿನ ಹಿಂದೆ ಅದರ ಹೂಳು ಇಂದಿಗೂ ಕೂತಿದೆ. ಅಷ್ಟು ದೊಡ್ಡ ಗಾಯವನ್ನು ಅಳತೆಗೋಲು ಮಾಡಿಕೊಂಡರೆ ಉಳಿದ ಪ್ರತಿಯೊಂದು ಗಾಯವೂ ಚಿಕ್ಕದೇ ಆಗುತ್ತದೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲ ಈ ಉದ್ಯಾನದಲ್ಲೇ ಇದೆ. ಮಳೆನೀರನ್ನು ಹಿಡಿದಿಟ್ಟು ತಡವಾಗಿ ತೊರೆಗೆ ಬಿಡುವುದು ಈ ಹುಲ್ಲು ಮತ್ತು ಶೋಲಾ. ಯಾವ ನದಿಗಾಗಿ ಗಣಿಯ ವಿರುದ್ಧ ಹೋರಾಡಿದರೋ ಅದೇ ನದಿಯ ಹುಲ್ಲಿನ ವಿಷಯದಲ್ಲಿ ಆ ವಾದ ಉಡಾಫೆಯಾಗುತ್ತದೆ.

ಹುಲ್ಲನ್ನು ಬರಿದೇ ಬಯಲೆಂದು ನೋಡುವ ರೋಗ ನಮ್ಮಲ್ಲೂ ಇದೆ. ಔರಾದ ಕಡೆಯ ಗಾಯರಾಣಗಳಲ್ಲಿ ಚಿಗರಿಗಳು ಮೇಯುವ ನೆಲವನ್ನು ಪಾಳು ಎಂದು ಕರೆದು ರೂಢಿಯಾಗಿದೆ. ಮರವಿದ್ದರೆ ಕಾಡು, ಇಲ್ಲದಿದ್ದರೆ ಖಾಲಿ. ಇದೇ ಕಣ್ಣು ಕುದುರೆಮುಖದ ಬೋರೆಯನ್ನು ಫೋಟೋದ ಹಸಿರು ಹಿನ್ನೆಲೆಯಾಗಿ ಮಾತ್ರ ಕಾಣುತ್ತದೆ.

ಪೂರ್ತಿ ಮುಚ್ಚಿ ಎನ್ನುವವರ ಮಾತೂ ನನಗೆ ಒಪ್ಪಿಗೆಯಿಲ್ಲ. ಬೀದರಿನ ಹುಡುಗ ಹುಡುಗಿಯರು ರಾತ್ರಿ ಬಸ್ಸು ಹತ್ತಿ ಅಷ್ಟು ದೂರ ಹೋಗಿ ಆ ಗಾಳಿ ಕುಡಿಯಬೇಕು. ಅದಕ್ಕೆ ಪ್ರತಿ ಪಥದ ಮಣ್ಣು, ಇಳಿಜಾರು ಪರೀಕ್ಷಿಸಿ ಬೇರೆ ಬೇರೆ ಮಿತಿ ಇಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹುಲ್ಲಿನ ದಾರಿಗಳಲ್ಲಿ ಜನರ ಸಂಖ್ಯೆ ಇಳಿಸಲಿ. ಟಿಕೆಟಿನ ಹಣದಲ್ಲಿ ದಾರಿಯ ದುರಸ್ತಿಗೆ ಎಷ್ಟು ಹೋಯಿತೆಂದು ಪ್ರತಿವರ್ಷ ಪ್ರಕಟಿಸಲಿ.