ಹಬ್ಬದ ಸೀರೆಗೆ ಬೇರೆ ಸೆರಗು

ಮಂಗಸೂಳಿಯ ಖಂಡೋಬನಿಗೆ ರವಿವಾರವೆಂದರೆ ವಿಶೇಷ. ಚಂಪಾಷಷ್ಠಿ ಬಂತೆಂದರೆ ಭಂಡಾರದ ಅರಿಶಿನ ಗಾಳಿಗೇರುತ್ತದೆ. ಹೊಲದ ಸೀರೆಯಲ್ಲೇ ದೇವರ ಮುಂದೆ ನಿಲ್ಲಲು ಈ ಸೀಮೆಯ ಹೆಂಗಸರಿಗೆ ಮನಸ್ಸು ಬರುವುದಿಲ್ಲ. ಟ್ರಂಕಿನಿಂದ ಹೊರಬರುವುದು ಇಳಕಲ್ ಸೀರೆ, ಜೊತೆಗೆ ಗುಳೇದಗುಡ್ಡದ ಖಣದ ಕುಪ್ಪಸ.

ಆ ಸೀರೆಯ ಜಾಣ್ಮೆಯೆಲ್ಲ ಸೆರಗಿನ ಕೂಡಿಕೆಯಲ್ಲಿದೆ. ಒಡಲಿನ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಸಿಕ್ಕಿಸಿ ನೇಯುತ್ತಾರೆ. ಇದೇ ಟೋಪಿ ತೆಣೆ. ಒಡಲು ಹತ್ತಿಯದಾದರೂ ಹೆಗಲ ಮೇಲೆ ರೇಷ್ಮೆ ಮಿನುಗುತ್ತದೆ. ಕಡಿಮೆ ಖರ್ಚಿನಲ್ಲಿ ಇಷ್ಟು ಗತ್ತು ಬೇರೆಲ್ಲಿ ಸಿಕ್ಕೀತು?

ಮೇಲೆ ಕಸೂತಿಯಿದ್ದರಂತೂ ಕೇಳುವುದೇ ಬೇಡ. ನಕ್ಷೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸುತ್ತಾರೆ. ಗವಂತಿ ಹೊಲಿಗೆಗೆ ಗಂಟಿಲ್ಲ. ಎರಡೂ ಮಗ್ಗುಲು ಒಂದೇ ಅಂದ.

ದೇವರ ದಿನಕ್ಕೆ ಬೇರೆ ಉಡುಪೆಂಬುದು ಈ ಸೀಮೆಯಲ್ಲಷ್ಟೇ ಅಲ್ಲ. ಶನಿವಾರದ ಸಬ್ಬತ್, ಅಂದರೆ ವಿಶ್ರಾಂತಿಯ ದಿನದ ಉಡುಪು ವಾರದ ಉಡುಪಿನಂತಿರಬಾರದು ಎಂದು ಯಹೂದಿಗಳ ತಾಲ್ಮುದ್ ಹೇಳುತ್ತದೆ. ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ಗಳೆನಿಸಿಕೊಂಡ ಕೊಂಕಣದ ಯಹೂದಿಗಳಾದ ಬೆನೆ ಇಸ್ರಾಯೇಲರ ಹೆಂಗಸರು ಉಡುತ್ತಿದ್ದುದೂ ಸೀರೆಯೇ.

ಇಳಕಲ್ ಸೀರೆ ಕೊಳ್ಳುವಾಗ ಸೆರಗಿನ ಕೂಡಿಕೆಯನ್ನು ಬೆರಳಿಂದ ಮುಟ್ಟಿ ನೋಡಿ. ಕುಣಿಕೆಯ ಸಾಲು ಸಿಗದಿದ್ದರೆ ಅದು ಟೋಪಿ ತೆಣೆಯಲ್ಲ.