ಬರೆದಿಲ್ಲವೆಂದೇ ಭಾವಿಸತಕ್ಕದ್ದು

ಆನ್‌ಲೈನ್ ಲೈಸೆನ್ಸಿನ ಕರಾರನ್ನು ಇಂಗ್ಲಿಷಿನಲ್ಲೊಮ್ಮೆ, ಫ್ರೆಂಚಿನಲ್ಲೊಮ್ಮೆ ಓದುವುದು ಒಂದು ಚಟ. ಅದು ಹತ್ತಿದವರು ಮೊದಲು ಹುಡುಕುವುದು ಕ್ಯಾಪಿಟಲ್ ಅಕ್ಷರಗಳ ಪ್ಯಾರಾವನ್ನು. ಉಳಿದ ಷರತ್ತುಗಳೆಲ್ಲ ತಗ್ಗಿದ ದನಿಯಲ್ಲಿ ಸಾಗುತ್ತಿರುವಾಗ ಇದೊಂದು ಮಾತ್ರ ಕಿರುಚುತ್ತದೆ: ಸಾಫ್ಟ್‌ವೇರನ್ನು ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇವೆ, ಯಾವ ಖಾತರಿಯೂ ಇಲ್ಲ, ನಷ್ಟವಾದರೆ ನಾವು ಹೊಣೆಯಲ್ಲ. ಕಿರುಚಾಟಕ್ಕೆ ಕಾರಣವೂ ಇದೆ. ಅಮೆರಿಕದ ಬಹುತೇಕ ರಾಜ್ಯಗಳು ಒಪ್ಪಿಕೊಂಡಿರುವ ಏಕರೂಪ ವಾಣಿಜ್ಯ ಸಂಹಿತೆಯ 2-316ನೇ ಕಲಮಿನ ಪ್ರಕಾರ, ಮಾಲು ಮಾರಾಟಕ್ಕೆ ತಕ್ಕದ್ದಾಗಿದೆ ಎಂಬ, ಬರೆಯದಿದ್ದರೂ ತಾನಾಗಿ ಬರುವ ಖಾತರಿಯನ್ನು ತಳ್ಳಿಹಾಕಬೇಕಾದರೆ ಆ ಮಾತು ಬರಹದಲ್ಲಿ ಎದ್ದು ಕಾಣಬೇಕು. ಎದ್ದು ಕಾಣುವುದೆಂದರೆ ಕ್ಯಾಪಿಟಲ್ ಅಕ್ಷರ ಎಂದು ಅಲ್ಲಿನ ವಕೀಲರು ಹಿಡಿದುಕೊಂಡರು. ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ, ನಾವು ಬಚಾವು.

ಫ್ರೆಂಚಿಗೆ ತರುವವರು ಮಾತಿನ ಜೊತೆಗೆ ಕಿರುಚಾಟವನ್ನೂ ಹೊತ್ತು ತರುತ್ತಾರೆ. ‘ಇದ್ದ ಹಾಗೆ’ ಎನ್ನುವುದಕ್ಕೆ ಫ್ರೆಂಚಿನಲ್ಲಿ ‘ಆಂ ಲೆತಾ’ ಎಂಬ ಸೊಗಸಾದ ಮಾತಿದೆ. ಕ್ಯಾಪಿಟಲ್ಲಿನಲ್ಲಿ ಹೊಡೆಯುವಾಗ ಮಾತ್ರ ಎಷ್ಟೋ ಜನ ‘ಎತಾ’ದ ಮೊದಲಕ್ಷರದ ಮೇಲಿನ ಗೀಟನ್ನು ಬಿಟ್ಟುಬಿಡುತ್ತಾರೆ. ಅದು ಹೋಗಲಿ. ಅಮೆರಿಕದ ಸಂಹಿತೆಯ ಮಾತಿಗೆ ಪ್ಯಾರಿಸಿನ ಕೋರ್ಟಿನಲ್ಲಿ ಕಿಮ್ಮತ್ತೇ ಇಲ್ಲ. ತನ್ನ ಕರ್ತವ್ಯದಲ್ಲಿ ತಪ್ಪಿದ ವ್ಯಾಪಾರಿ, ಗ್ರಾಹಕನ ಪರಿಹಾರದ ಹಕ್ಕನ್ನು ಕಿತ್ತುಕೊಳ್ಳುವ ಅಥವಾ ಮೊಟಕು ಮಾಡುವ ಷರತ್ತು ಬರೆದರೆ, ಫ್ರಾನ್ಸಿನ ಗ್ರಾಹಕ ಸಂಹಿತೆಯ ಆರ್ 212-1 ಅದನ್ನು ಅನ್ಯಾಯದ ಷರತ್ತುಗಳ ಕಪ್ಪು ಪಟ್ಟಿಗೆ ಸೇರಿಸುತ್ತದೆ. ಅಂಥ ಷರತ್ತಿನ ಗತಿಯನ್ನು ಎಲ್ 241-1 ಹೇಳುತ್ತದೆ: ‘ರೆಪ್ಯುತೇ ನೋನ್ ಏಕ್ರೀತ್’. ಅಂದರೆ, ಬರೆದಿಲ್ಲವೆಂದೇ ಭಾವಿಸತಕ್ಕದ್ದು. ಇಡೀ ಕರಾರಿನಲ್ಲಿ ಅತಿ ದೊಡ್ಡದಾಗಿ ಬರೆದದ್ದನ್ನೇ ಕಾನೂನು ಬರೆದಿಲ್ಲ ಎನ್ನುತ್ತದೆ. ಈ ಚಟದ ಅರ್ಧ ರುಚಿ ಇಲ್ಲೇ ಇದೆ.

ಶಬ್ದಗಳು ಹೊಂದದೆ ಕಷ್ಟ ಎಂದು ಹೊರಗಿನವರು ತಿಳಿಯುತ್ತಾರೆ. ಕಷ್ಟ ಬರುವುದು ಅವು ಅತಿಯಾಗಿ ಹೊಂದುವುದರಿಂದ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅಲ್ಲಿನ ಕೋರ್ಟು ಕಚೇರಿಯ ಮಾತೆಲ್ಲ ಫ್ರೆಂಚಾಯಿತು. ಕರಾರು, ಖಾತರಿ, ವಕೀಲ, ಜಾಮೀನು ಎಂದು ನಾವು ಪರ್ಷಿಯನ್ ಭಾಷೆಯ ಆಡಳಿತದಿಂದ ಬಂದ ಮಾತುಗಳಲ್ಲೇ ಇವತ್ತಿಗೂ ವ್ಯವಹಾರ ಮಾಡುತ್ತೇವಲ್ಲ, ಹಾಗೆ. ನಾರ್ಮನ್ನರ ನಾಲಿಗೆಯಲ್ಲಿ ‘ವ’ಕಾರದಿಂದ ಹೊರಟ ಮಾತು ಪ್ಯಾರಿಸಿನ ಕಡೆ ‘ಗ’ಕಾರವಾಯಿತು, ಹಾಗಾಗಿ ‘ವಾರಂಟಿ’ ಮತ್ತು ‘ಗ್ಯಾರಂಟಿ’ ಒಂದೇ ಹೊಟ್ಟೆಯ ಮಕ್ಕಳು. ಫ್ರೆಂಚಿನಲ್ಲಿ ಎರಡಕ್ಕೂ ಇರುವುದು ‘ಗಾರಾಂತಿ’ ಒಂದೇ. ಅದು ನಾಗರಿಕ ಸಂಹಿತೆಯ 1641ನೇ ಕಲಮಿನಲ್ಲಿಯೂ ಇದೆ. ಮಾರಿದ ವಸ್ತುವಿನಲ್ಲಿ ಕಣ್ಣಿಗೆ ಕಾಣದ ದೋಷವಿದ್ದರೆ ಮಾರಿದವನೇ ಹೊಣೆ ಎನ್ನುವ ಕಲಮು ಅದು. ಹೀಗಾಗಿ ಅಮೆರಿಕದವನು ಇಲ್ಲ ಎಂದ ಖಾತರಿಯೇ ಬೇರೆ, ಫ್ರೆಂಚ್ ಓದುಗನ ತಲೆಯಲ್ಲಿ ಮೂಡುವ ಖಾತರಿಯೇ ಬೇರೆ.

ಇನ್ನೂ ಸೂಕ್ಷ್ಮವಾದದ್ದು ‘ಪರೋಕ್ಷ ನಷ್ಟ’. ಅಮೆರಿಕದ ಕರಾರುಗಳು ಲಾಭ ಕೈತಪ್ಪಿದ್ದನ್ನು ಸಾಮಾನ್ಯವಾಗಿ ಈ ಗುಂಪಿಗೆ ಸೇರಿಸಿ ಒಟ್ಟಿಗೆ ಕೈತೊಳೆದುಕೊಳ್ಳುತ್ತವೆ. ಅನುವಾದಕ ನಿಘಂಟು ನೋಡಿ ‘ದೊಮಾಜ್ ಆಂದಿರೆಕ್ತ್’ ಎಂದು ಬರೆದರೆ ಶಬ್ದ ಸರಿ, ಕೆಲಸ ಕೆಟ್ಟಿತು. ಕರಾರು ಮುರಿದಾಗ ತಕ್ಷಣದ, ನೇರವಾದ ನಷ್ಟಕ್ಕಷ್ಟೇ ಪರಿಹಾರ ಎಂದು ಫ್ರೆಂಚ್ ನಾಗರಿಕ ಸಂಹಿತೆಯ 1231-4 ಮೊದಲೇ ಹೇಳಿಬಿಟ್ಟಿದೆ. ಪರೋಕ್ಷವಾದದ್ದು ಹೇಗೂ ಸಿಗದು. ಕೈತಪ್ಪಿದ ಲಾಭವನ್ನೋ, 1231-2 ಪರಿಹಾರದ ಲೆಕ್ಕಕ್ಕೇ ಸೇರಿಸಿದೆ. ಕಂಪನಿ ಯಾವುದರಿಂದ ತಪ್ಪಿಸಿಕೊಳ್ಳಲು ಹೊರಟಿತ್ತೋ ಅದು ಬಾಗಿಲಲ್ಲೇ ನಿಂತಿರುತ್ತದೆ. ಬಲ್ಲ ಅನುವಾದಕರು ಲಾಭ, ಡೇಟಾ, ವ್ಯಾಪಾರ ಎಂದು ಒಂದೊಂದನ್ನೂ ಹೆಸರಿಸುತ್ತಾರೆ. ಹಾಗೆ ಹೆಸರಿಸಿದ ಪಟ್ಟಿ ಕಂಡರೆ ಬರೆದವರ ಮೇಲೆ ನನಗೆ ಗೌರವ ಬರುತ್ತದೆ.

ಬಳಕೆದಾರರು ಹಾಕಿದ ಬರಹ, ಚಿತ್ರಗಳ ಮೇಲೆ ಕಂಪನಿಗೆ ಹಕ್ಕು ಕೊಡುವ ಷರತ್ತಿನ ಕಥೆ ಬಯಲಲ್ಲೇ ನಡೆಯಿತು. ಫ್ರಾನ್ಸಿನ ಬೌದ್ಧಿಕ ಸ್ವತ್ತಿನ ಸಂಹಿತೆಯ ಎಲ್ 131-3ರ ಪ್ರಕಾರ ಲೇಖಕ ತನ್ನ ಹಕ್ಕುಗಳನ್ನು ಬಿಟ್ಟುಕೊಡುವಾಗ ಒಂದೊಂದನ್ನೂ ಬೇರೆಬೇರೆಯಾಗಿ ಹೇಳಬೇಕು. ಎಷ್ಟು, ಯಾತಕ್ಕೆ, ಎಲ್ಲಿ, ಎಷ್ಟು ಕಾಲ ಎಂದು ಗೆರೆ ಎಳೆಯಬೇಕು. ‘ಜಗತ್ತಿನಾದ್ಯಂತ, ಯಾವ ಮಾಧ್ಯಮದಲ್ಲಾದರೂ, ಈಗಿನದು ಮುಂದಿನದು ಎಲ್ಲಾ’ ಎಂಬ ಅಮೆರಿಕದ ಉದಾರ ವಾಕ್ಯ ಇಲ್ಲಿ ಸಾಲದು. ಯುಎಫ್‌ಸಿ-ಕ್ ಶ್ವಾಜೀರ್ ಎಂಬ ಗ್ರಾಹಕ ಸಂಘಟನೆ ಟ್ವಿಟರ್ ಮೇಲೆ ಹೂಡಿದ ದಾವೆಯಲ್ಲಿ, 2018ರ ಆಗಸ್ಟ್ 7ರಂದು, ಪ್ಯಾರಿಸಿನ ಕೋರ್ಟು 250ಕ್ಕೂ ಹೆಚ್ಚು ಷರತ್ತುಗಳನ್ನು ಹೊಡೆದುಹಾಕಿತು. ಈ ಷರತ್ತೂ ಅದರಲ್ಲಿ ಬಿತ್ತು. ಸೇವೆ ಪುಕ್ಕಟೆ, ಆದ್ದರಿಂದ ಗ್ರಾಹಕ ಕಾನೂನು ಅನ್ವಯಿಸದು ಎಂಬ ವಾದವನ್ನೂ ಕೋರ್ಟು ಒಪ್ಪಲಿಲ್ಲ. ಅಲ್ಲಿ ಬಿದ್ದ ಎಷ್ಟೋ ವಾಕ್ಯಗಳ ಫ್ರೆಂಚ್ ವ್ಯಾಕರಣದಲ್ಲಿ ಕೊಂಕೇ ಇರಲಿಲ್ಲ.

ಅನುವಾದದ ಗೋಜೇ ಬೇಡ, ಫ್ರೆಂಚ್ ಕಾನೂನಿನ ಒಳಗಿಂದಲೇ ಬರೆಯೋಣ ಎಂದು ಹೊರಟದ್ದು ‘ಸೆಸಿಲ್’. ಸೆಇಎ, ಸೆಎನ್‌ಆರ್‌ಎಸ್, ಇನ್ರಿಯಾ ಎಂಬ ಮೂರು ಸರ್ಕಾರಿ ಸಂಶೋಧನಾ ಸಂಸ್ಥೆಗಳು 2004ರಲ್ಲಿ ಹೊರತಂದ ಮುಕ್ತ ತಂತ್ರಾಂಶದ ಲೈಸೆನ್ಸ್ ಇದು. ನನ್ನ ಮಟ್ಟಿಗೆ ಈ ಜಾತಿಯ ಬರಹದಲ್ಲಿ ಇದಕ್ಕೇ ಮೊದಲ ಸ್ಥಾನ. ‘ಶಾಶ್ವತವಾಗಿ’ ಎಂದು ಬೀಗುವುದಿಲ್ಲ. ಹಕ್ಕುಗಳಿಗೆ ಕಾನೂನಿನ ರಕ್ಷಣೆ ಇರುವಷ್ಟು ಕಾಲ ಎನ್ನುತ್ತದೆ. ಹೊಣೆಯಿಲ್ಲ ಎಂದು ಕಿರುಚುವುದಿಲ್ಲ; ಸಾಫ್ಟ್‌ವೇರಿನ ಎಲ್ಲಾ ಬಳಕೆಗಳನ್ನೂ ಪರೀಕ್ಷಿಸಿ ನೋಡಲು ಇವತ್ತಿನ ವಿಜ್ಞಾನ, ತಂತ್ರಜ್ಞಾನಗಳ ತಿಳಿವಳಿಕೆ ಸಾಲದು ಎಂದು ಕಾರಣ ಕೊಡುತ್ತದೆ. ಲೈಸೆನ್ಸ್ ಕೊಟ್ಟವನ ತಪ್ಪನ್ನು ತೋರಿಸಿಕೊಟ್ಟರೆ ನೇರ ನಷ್ಟಕ್ಕೆ ಪರಿಹಾರ ಕೇಳಬಹುದು ಎಂದೂ ಒಪ್ಪಿಕೊಳ್ಳುತ್ತದೆ. ಇದರ ಫ್ರೆಂಚ್, ಇಂಗ್ಲಿಷ್ ಎರಡೂ ಪಾಠಗಳಿಗೆ ಸಮಾನ ಅಧಿಕಾರ. ಈ ಸಲ ತಡವರಿಸುವ ಸರದಿ ಇಂಗ್ಲಿಷಿನದು, ಓದಿ ನೋಡಿ.

ಕೆನಡಾದ ಫ್ರೆಂಚ್ ಮಾತಿನ ಪ್ರಾಂತ್ಯ ಕ್ವಿಬೆಕ್‌ನದು ಬೇರೆಯೇ ತಮಾಷೆ. ಕೆನಡಾಕ್ಕೆಂದು ಬರೆದ ಇಂಗ್ಲಿಷ್ ಲೈಸೆನ್ಸುಗಳ ತುದಿಯಲ್ಲಿ ಒಂದೇ ಒಂದು ಫ್ರೆಂಚ್ ವಾಕ್ಯ ಕೂತಿರುತ್ತದೆ. ಅದು ಹೇಳುವುದು, ಈ ಕರಾರು ಇಂಗ್ಲಿಷಿನಲ್ಲೇ ಇರಲಿ ಎಂದು ಎರಡೂ ಕಡೆಯವರು ಬಯಸಿದ್ದಾರೆ ಎಂದು! ಕ್ವಿಬೆಕ್‌ನ 1977ರ ಫ್ರೆಂಚ್ ಭಾಷಾ ಸನ್ನದು ಪಕ್ಷಗಾರರ ಸ್ಪಷ್ಟ ಇಚ್ಛೆ ಇದ್ದರೆ ಬೇರೆ ಭಾಷೆಗೆ ಅವಕಾಶ ಬಿಟ್ಟಿದ್ದರಿಂದ ಹುಟ್ಟಿದ ವಾಕ್ಯ ಅದು. 2022ರಲ್ಲಿ ಸನ್ನದಿಗೆ ತಿದ್ದುಪಡಿಯಾಯಿತು. 2023ರ ಜೂನ್ 1ರಿಂದ, ಒಂದು ಕಡೆಯವರೇ ಷರತ್ತು ಬರೆದು ಇನ್ನೊಬ್ಬರ ಮುಂದಿಡುವ ಇಂಥ ಕರಾರುಗಳಲ್ಲಿ ಮೊದಲು ಫ್ರೆಂಚ್ ಪ್ರತಿ ಕೈಗೆ ಕೊಡಬೇಕು, ಆಮೇಲಷ್ಟೇ ಇಂಗ್ಲಿಷ್ ಆರಿಸಿಕೊಳ್ಳುವ ಮಾತು. ಆ ಒಂಟಿ ವಾಕ್ಯದಿಂದ ಇನ್ನು ಪಾರಾಗುವಂತಿಲ್ಲ. ಅನುವಾದಕರಿಗೆ ಕೆಲಸ ಹೆಚ್ಚಿದೆ. ಆ ವಾಕ್ಯವೂ ಹಳೆಯ ಫೈಲಿನಿಂದ ಹೊಸದಕ್ಕೆ ಕಾಪಿ ಆಗುತ್ತಲೇ ಇದೆ.