ಏಳು ಗೋಲುಗಳ ಲೆಕ್ಕ

263 ಪಂದ್ಯ, 7 ಗೋಲು. ಮೆಲ್ಬೋರ್ನ್ ನಗರದ ರಿಚ್‌ಮಂಡ್ ತಂಡಕ್ಕೆ 1910ರಿಂದ 1925ರವರೆಗೆ ಆಡಿದ ವಿಕ್ ಥಾರ್ಪ್ ಬಗ್ಗೆ ದಾಖಲೆ ಪುಸ್ತಕ ಹೇಳುವುದು ಇಷ್ಟೇ. ಗೋಲು ಹೊಡೆದವರ ಪಟ್ಟಿಯನ್ನಷ್ಟೇ ಓದುವವರು ಈ ಹೆಸರನ್ನು ದಾಟಿ ಮುಂದೆ ಹೋಗುತ್ತಾರೆ. ನಾನು ಮಾತ್ರ ಪ್ರತಿ ಸಲ ಇಲ್ಲೇ ನಿಲ್ಲುತ್ತೇನೆ.

ಥಾರ್ಪ್ ನಿಲ್ಲುತ್ತಿದ್ದದ್ದು ಫುಲ್‌ಬ್ಯಾಕ್ ಜಾಗದಲ್ಲಿ, ತನ್ನ ತಂಡದ ಗೋಲು ಕಂಬಗಳ ಎದುರು. ಆಸ್ಟ್ರೇಲಿಯನ್ ಫುಟ್‌ಬಾಲ್‌ನಲ್ಲಿ ಕೈಗವಸು ತೊಟ್ಟ ಗೋಲ್‌ಕೀಪರ್ ಇಲ್ಲ. ಆಫ್‌ಸೈಡ್ ನಿಯಮವೂ ಇಲ್ಲದ್ದರಿಂದ ಎದುರಾಳಿಯ ಫುಲ್ ಫಾರ್ವರ್ಡ್ ಮೊದಲ ಕ್ಷಣದಿಂದಲೇ ಬಂದು ಪಕ್ಕದಲ್ಲಿ ನಿಂತುಬಿಡಬಹುದು. ಇಬ್ಬರ ತಲೆಯ ಮೇಲೆ ಮೊಟ್ಟೆಯಾಕಾರದ ಚರ್ಮದ ಚೆಂಡು ಇಳಿಯುತ್ತದೆ. ಫಾರ್ವರ್ಡ್ ಅದನ್ನು ಗಾಳಿಯಲ್ಲೇ ಹಿಡಿದನೋ, ಅದು ‘ಮಾರ್ಕ್’. ಅಡ್ಡಿಯಿಲ್ಲದೆ ಗೋಲಿಗೆ ಒದೆಯುವ ಹಕ್ಕು ಅವನದು. ಅದಕ್ಕೆ ಮೊದಲೇ ಫುಲ್‌ಬ್ಯಾಕ್ ಚೆಂಡಿಗೆ ಮುಷ್ಟಿ ತಾಗಿಸಬೇಕು, ಇಲ್ಲವೇ ತಾನೇ ಹಿಡಿಯಬೇಕು. ಮಂಡಿ ಬೆನ್ನಿಗೆ ಬೀಳುತ್ತದೆ, ಭುಜ ಪಕ್ಕೆಲುಬಿಗೆ ಹೊಡೆಯುತ್ತದೆ. ಆಟವೇನೋ ಚಳಿಗಾಲದ್ದು, ನೆಲವೆಲ್ಲ ಕೆಸರು.

ಬದಲಿ ಆಟಗಾರನೂ ಇರಲಿಲ್ಲ. ಹತ್ತೊಂಬತ್ತನೆಯವನನ್ನು ಬೆಂಚಿನ ಮೇಲೆ ಕೂರಿಸುವ ಪದ್ಧತಿ ಥಾರ್ಪ್ ಆಡುತ್ತಿದ್ದ ವಿಕ್ಟೋರಿಯನ್ ಲೀಗ್‌ಗೆ ಬಂದದ್ದು 1930ರಲ್ಲಿ. ಅಲ್ಲಿಯವರೆಗೆ ಯಾರಾದರೂ ಪೆಟ್ಟು ತಿಂದು ಹೊರನಡೆದರೆ ಉಳಿದ ಹದಿನೇಳು ಮಂದಿಯೇ ಆ ಹೊರೆ ಹೊರಬೇಕು. ಹದಿನಾರು ಋತು, ವರ್ಷಕ್ಕೆ ಸರಾಸರಿ 16ಕ್ಕೂ ಹೆಚ್ಚು ಪಂದ್ಯ! ಗಟ್ಟಿತನವೆಂದರೆ ನನಗೆ ಇದು, ಯಾರನ್ನೋ ಗುದ್ದಿ ಕೆಡವುವುದಲ್ಲ.

ರಿಚ್‌ಮಂಡ್ ಲೀಗ್‌ಗೆ ಸೇರಿದ್ದು 1908ರಲ್ಲಿ. ಚರ್ಮ ಹದ ಮಾಡುವ ಕಾರ್ಖಾನೆಗಳಿದ್ದ, ದುಡಿಯುವ ಜನರ ಬಡಾವಣೆ ಅದು. ಆರಂಭದ ವರ್ಷಗಳಲ್ಲಿ ತಂಡ ಪಟ್ಟಿಯ ಕೆಳಭಾಗದಲ್ಲೇ ತೆವಳಿತು. ಸೋಲುವ ತಂಡದ ಫುಲ್‌ಬ್ಯಾಕ್‌ಗೆ ವಿಶ್ರಾಂತಿ ಎಲ್ಲಿಯದು? ಚೆಂಡು ಅವನ ಕಡೆಗೇ ಬರುತ್ತಿರುತ್ತದೆ. 1916ರಲ್ಲಿ ಯುದ್ಧದಿಂದಾಗಿ ಲೀಗ್‌ನಲ್ಲಿ ನಾಲ್ಕೇ ತಂಡಗಳು ಉಳಿದವು, ರಿಚ್‌ಮಂಡ್ ಅವುಗಳಲ್ಲೊಂದು.  ಅದೇ ಕಾಲದಲ್ಲಿ ಕಾಲಿಂಗ್‌ವುಡ್ ತಂಡದಲ್ಲಿ ಡಿಕ್ ಲೀ ಇದ್ದ, ವೃತ್ತಿಜೀವನದಲ್ಲಿ 707 ಗೋಲು ಹೊಡೆದವನು. ಅಂಥವನ ಪಕ್ಕ ನಿಲ್ಲುವ ಮಧ್ಯಾಹ್ನಗಳು ಎಷ್ಟು ದೀರ್ಘವಾಗಿದ್ದಿರಬೇಕು.

ಕಾವಲುಗಾರನ ಲೆಕ್ಕ ಸಿಗುವುದು ಎದುರಾಳಿಯ ಅಂಕಗಳಲ್ಲಿ. 1919ರ ಗ್ರ್ಯಾಂಡ್ ಫೈನಲ್‌ನಲ್ಲಿ ಕಾಲಿಂಗ್‌ವುಡ್ 11 ಗೋಲು ಹೊಡೆದು ರಿಚ್‌ಮಂಡನ್ನು ಸೋಲಿಸಿತ್ತು. ಮರುವರ್ಷ ಮತ್ತೆ ಅದೇ ತಂಡ ಎದುರಿಗೆ. ಕಾಲಿಂಗ್‌ವುಡ್‌ನ ಮಾಜಿ ನಾಯಕ ಡ್ಯಾನ್ ಮಿನೋಗ್ ಈಗ ರಿಚ್‌ಮಂಡ್‌ನ ನಾಯಕ, ತರಬೇತುದಾರ. ಈ ಸಲ ಕಾಲಿಂಗ್‌ವುಡ್‌ಗೆ ದಕ್ಕಿದ್ದು 5 ಗೋಲು ಮಾತ್ರ. 52–35ರಿಂದ ಗೆದ್ದ ರಿಚ್‌ಮಂಡ್‌ಗೆ ಅದು ಲೀಗ್‌ನ ಮೊದಲ ಪ್ರಶಸ್ತಿ.

1921ರ ಗ್ರ್ಯಾಂಡ್ ಫೈನಲ್ ಇನ್ನೂ ಬಿಗಿ. ಮಳೆಗೆ ತೊಯ್ದ ಮೈದಾನದಲ್ಲಿ ರಿಚ್‌ಮಂಡ್ 36, ಕಾರ್ಲ್‌ಟನ್ 32. ಕಾರ್ಲ್‌ಟನ್ ಹೊಡೆದದ್ದು 4 ಗೋಲು, 8 ಬಿಹೈಂಡ್. ಗೋಲಿಗೆ 6 ಅಂಕ. ನಡುಗಂಬಗಳ ಪಕ್ಕಕ್ಕೆ ಸರಿದರೆ ಬಿಹೈಂಡ್, 1 ಅಂಕ. ಆದರೆ ಬಿಹೈಂಡ್ ಆದೊಡನೆ ಚೆಂಡು ಕಾವಲು ತಂಡದ್ದು. ಗೋಲಿನ ಮುಂದಿನ ಚೌಕದಿಂದ ಅದನ್ನು ಹೊರಗೆ ಒದೆಯುವುದು ಸಾಮಾನ್ಯವಾಗಿ ಫುಲ್‌ಬ್ಯಾಕ್‌ನ ಕೆಲಸ. ಒದ್ದೆಯಾಗಿ ಭಾರವಾದ ಚೆಂಡು ಹತ್ತಿರದಲ್ಲೇ ಬಿದ್ದರೆ ಮುಂದಿನ ಕ್ಷಣ ಗೋಲು. ದೂರ ಹೋಗುವ ಒದೆತಕ್ಕೆ ಥಾರ್ಪ್ ಹೆಸರಾಗಿದ್ದ.

1998ರಲ್ಲಿ ರಿಚ್‌ಮಂಡ್ ತನ್ನ ಶತಮಾನದ ತಂಡವನ್ನು ಆರಿಸಿದಾಗ ಫುಲ್‌ಬ್ಯಾಕ್ ಜಾಗ ಥಾರ್ಪ್‌ಗೇ ಹೋಯಿತು. ಆ ಗೌರವಕ್ಕಿಂತಲೂ ನನ್ನನ್ನು ಹಿಡಿದಿಡುವುದು 1921ರ ಆ ಅಂಕಪಟ್ಟಿ: 4 ಅಂಕಗಳ ಅಂತರ, ಕಾರ್ಲ್‌ಟನ್‌ನ 8 ಬಿಹೈಂಡ್‌ಗಳು, ಪ್ರತಿ ಬಿಹೈಂಡ್‌ನ ನಂತರವೂ ಕೆಸರಿನ ಆ ಚೌಕಕ್ಕೇ ಮರಳುವ ಚೆಂಡು.